ಹೊಳೆ ನೋಡದೆ ಹೇಳಿದ ಹತ್ತು ಅಡಿ

ಸರೋಜಮ್ಮ ಟೀಚರ್, ಆ ದಿನ ಬೆಳಿಗ್ಗೆ ನಾನು ಹೊಳೆಯ ಹತ್ತಿರವೇ ಇರಲಿಲ್ಲ. ಫೋನಿನಲ್ಲಿ ನಿಮಗೆ "ಹತ್ತು ಅಡಿ" ಎಂದಾಗ ನಾನು ನಿಂತಿದ್ದು ಶಿಕಾರಿಪುರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ — ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟು. ಇಷ್ಟು ವರ್ಷ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ತೊಂಬತ್ತರ ದಶಕದ ಆ ಮಳೆಗಾಲಗಳಲ್ಲಿ ಸೊರಬದ ಕಡೆ ವರದಾ ಹೊಳೆಯ ಸೇತುವೆಯಲ್ಲಿ ನೀರಿನ ಮಟ್ಟ ನೋಡುವುದು ನನ್ನ ಕೆಲಸ. ಕಂಬಕ್ಕೆ ಬಳಿದ ಅಂಕಿ ಓದಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಅದರಿಂದ ಯಾರಿಗಾದರೂ ಉಪಯೋಗವಿದೆ ಎಂದು ನನಗೆ ತೋರಿಸಿಕೊಟ್ಟವರು ನೀವು. ಹೊಳೆಯ ಕೆಳಗಿನ ನಿಮ್ಮೂರಿನ ಶಾಲೆಯ ಗೋಡೆಯ ಮೇಲೆ ಇಡೀ ಊರಿನ ನಕ್ಷೆ ಬರೆದಿದ್ದಿರಿ. ಮೂರು ಮಳೆಗಾಲ ಕೊಡೆ ಹಿಡಿದು ಓಡಾಡಿ, ಸೇತುವೆಯಲ್ಲಿ ಎಂಟು ಅಡಿ ಇದ್ದರೆ ನೀರು ಯಾವ ಗದ್ದೆಯವರೆಗೆ, ಹತ್ತಾದರೆ ಯಾವ ಬೇಲಿಯವರೆಗೆ, ಹನ್ನೆರಡಾದರೆ ಕೆಳಗಿನ ಓಣಿಯ ಯಾರ ಯಾರ ಮನೆಯೊಳಗೆ — ಎಲ್ಲಕ್ಕೂ ಗೆರೆ ಎಳೆದಿದ್ದಿರಿ. ಬೆಳಿಗ್ಗೆ ಎಂಟಕ್ಕೆ ನಾನು ಅಂಚೆ ಕಚೇರಿಯ ಫೋನಿಗೆ ಅಂಕಿ ಹೇಳಿದರೆ, ನೀವು ಆ ಗೆರೆಯವರೆಗೆ ನೀಲಿ ಸೀಮೆಸುಣ್ಣ ತುಂಬುತ್ತಿದ್ದಿರಿ. ಸೇತುವೆಯ ನೀರು ನಿಮ್ಮೂರು ಮುಟ್ಟಲು ಮೂರು ಗಂಟೆ. ಅಷ್ಟರೊಳಗೆ ಜನ ದನ ಬಿಚ್ಚಿಕೊಂಡು, ಭತ್ತದ ಚೀಲ ಹೊತ್ತುಕೊಂಡು ಶಾಲೆ ಸೇರುತ್ತಿದ್ದರು.

ಆ ಶ್ರಾವಣದ ದಿನ ನಾನು ರಜೆ ಕೇಳಬಹುದಿತ್ತು. ಕೇಳಲಿಲ್ಲ — ಮಳೆಗಾಲದಲ್ಲಿ ಕೊಡುವುದಿಲ್ಲ ಎಂದು ಗೊತ್ತಿತ್ತು. ಹಿಂದಿನ ಸಂಜೆ ಒಂಬತ್ತು ಅಡಿ ಇತ್ತು, ಮಳೆ ನಿಂತಿತ್ತು. ಒಂದು ಅಡಿ ಸೇರಿಸಿ ಹೇಳಿದರಾಯಿತು ಎಂದುಕೊಂಡೆ. ಮೇಲ್ಗಡೆ ಘಟ್ಟದಲ್ಲಿ ಎಷ್ಟು ಸುರಿದಿತ್ತೋ ನನಗೇನು ಗೊತ್ತು...

"ಸರಿಯಾಗಿ ನೋಡಿದೆಯಲ್ಲಪ್ಪ?" ಎಂದಿರಿ.

"ನೋಡಿದೆ ಟೀಚರ್. ಹತ್ತೇ."

ಹುಡುಗಿ ಒಪ್ಪಿಗೆಯಾದಳು. ಸಂತೋಷದಲ್ಲೇ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ. ಸೇತುವೆಯ ಹತ್ತಿರದ ಚಹಾದಂಗಡಿಯವರು ಕೂಗಿದರು: "ಎಲ್ಲಿ ಹೋಗಿದ್ಯಾ ಮಾರಾಯ? ಬೆಳಿಗ್ಗೆ ಏಳಕ್ಕೇ ಹನ್ನೆರಡು ದಾಟಿತ್ತು ನೀರು!"

ಅಷ್ಟು ಹೊತ್ತಿಗೆ ನಿಮ್ಮೂರಿನಲ್ಲಿ ಎಲ್ಲ ಆಗಿಹೋಗಿತ್ತು. ಗೋಡೆಯ ನೀಲಿ ಬಣ್ಣ ತಮ್ಮ ಮನೆ ಮುಟ್ಟಿಲ್ಲವೆಂದು ಕೆಳಗಿನ ಓಣಿಯವರು ನಿಶ್ಚಿಂತೆಯಿಂದ ಒಲೆ ಹಚ್ಚಿದ್ದರು. ಜನ ಹೇಗೋ ಉಳಿದರು. ಹಾಲಪ್ಪನವರ ಎರಡು ಎತ್ತುಗಳು ಉಳಿಯಲಿಲ್ಲ. ಊರವರ ಹೊಲಗದ್ದೆ ಉತ್ತು ಬದುಕುತ್ತಿದ್ದ ಮನುಷ್ಯ — ಎದೆಮಟ್ಟದ ನೀರಿಗಿಳಿದು ಹಗ್ಗ ಬಿಚ್ಚಲು ನೋಡಿದರಂತೆ. ನೆನೆದ ಗಂಟು ಬಿಗಿದುಕೊಂಡಿತ್ತಂತೆ.

ಊರು ನಿಮ್ಮನ್ನು ಬೈಯಿತು. "ಟೀಚರಮ್ಮನ ಗೋಡೆ ನಂಬಿ ಕೆಟ್ವಿ" ಎಂದರು. ಆ ವಾರವೇ ನೀವು ಪುಸ್ತಕ, ಪೆನ್ಸಿಲ್ ಹಿಡಿದು ಸೇತುವೆಗೆ ಬಂದಿರಿ. ನನ್ನ ರಿಜಿಸ್ಟರ್ ತೆರೆದು ನೋಡಿದಿರಿ. ಬೆಳಿಗ್ಗೆ ಎಂಟು ಗಂಟೆ, ಹತ್ತು ಅಡಿ — ವಾಪಸು ಬಂದ ಮೇಲೆ ಬರೆದಿಟ್ಟ ನನ್ನದೇ ಅಕ್ಷರ.

"ಇದು ನೀನು ಕಣ್ಣಾರೆ ನೋಡಿ ಬರೆದಿದ್ದಾ?"

ಆಗ ಹೇಳಬೇಕಿತ್ತು. ಕೆಲಸ ಹೋಗುತ್ತದೆ, ಗೊತ್ತಾದ ಮದುವೆ ನಿಲ್ಲುತ್ತದೆ — ಇಷ್ಟೇ ತಲೆಯಲ್ಲಿ. "ಹೌದು ಟೀಚರ್" ಎಂದೆ.

"ಹಂಗಾದ್ರೆ ತಪ್ಪು ನಂದೇ ಬಿಡು. ಗೆರೆ ತಿದ್ದುತೀನಿ" ಎಂದು ಎದ್ದಿರಿ.

ಹತ್ತು ಅಡಿಗೇ ಕೆಳಗಿನ ಓಣಿ ಮುಳುಗುತ್ತದೆ ಎಂದು, ಸರಿಯಾಗಿದ್ದ ಗೆರೆಯನ್ನು ನನ್ನ ಸುಳ್ಳಿಗೆ ಹೊಂದಿಸಿ ತಿದ್ದಿದಿರಿ. ಆಮೇಲೆ ಹತ್ತು ಅಡಿ ಎಂದಾಗಲೆಲ್ಲ ಕೆಳಗಿನ ಓಣಿಯ ಹೆಂಗಸರು ಪಾತ್ರೆಪಡಗ ಹೊತ್ತು, ಮುದುಕರನ್ನು ಎತ್ತಿಕೊಂಡು ಸುಮ್ಮಸುಮ್ಮನೆ ಶಾಲೆ ಹತ್ತಿದರು. ನೀರು ಬರುತ್ತಿರಲಿಲ್ಲ. ನೀವು ಮತ್ತೆ ಬೈಸಿಕೊಂಡಿರಿ. ನನ್ನನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ. "ಶಿವಾನಂದ ಹೇಳಿದ ಮೇಲೆ ಆಯ್ತು" ಎಂದು ಫೋನ್ ಇಡುತ್ತಿದ್ದಿರಿ.

ಟೀಚರ್, ಆ ಮಾತಿಗೆ ನಾನು ಎಷ್ಟು ಋಣಿ ಎಂದು ಹೇಗೆ ಹೇಳಲಿ? ಅದನ್ನು ಕೇಳಿದಾಗಲೆಲ್ಲ ಮೈ ಹಿಡಿಯಾಗುತ್ತಿತ್ತು. ಆದರೆ ಅದೇ ಮಾತು ನನ್ನನ್ನು ನೆಟ್ಟಗೆ ಮಾಡಿತು. ಆಮೇಲೆ ಜ್ವರವಿದ್ದರೂ ಮೆಟ್ಟಿಲಿಳಿದು ಕಂಬ ನೋಡದೆ ಒಂದು ಅಂಕಿಯನ್ನೂ ಹೇಳಿಲ್ಲ. ನನ್ನ ಕೆಲಸಕ್ಕೆ ಅರ್ಥ ಕೊಟ್ಟಿರಿ, ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದಿರಿ. ಹಾಲಪ್ಪನವರೂ ಬಂದಿದ್ದರು. ನನ್ನ ತಲೆ ಮುಟ್ಟಿ ಹರಸಿದರು. ನಾನು ತಲೆ ಎತ್ತಲಿಲ್ಲ. ನಾಚಿಕೆ ಎಂದು ಎಲ್ಲರೂ ನಕ್ಕರು.

ನಿನ್ನೆ ಹೆಂಡತಿಗೆ ಎಲ್ಲ ಹೇಳಿದೆ. "ನನ್ನ ನೋಡಕ್ಕೆ ಬಂದಿದ್ದು ಆ ದಿನಾನಾ?" ಎಂದಳು. ನಂತರ, "ಮೊದಲು ಅವರಿಗೆ ಹೇಳ್ರಿ" ಎಂದಳು.

ಕ್ಷಮಿಸಿ ಎಂದು ಕೇಳುವ ಧೈರ್ಯವಿಲ್ಲ. ನೀವು ಮೊದಲು ಎಳೆದ ಗೆರೆಯೇ ಸರಿ ಎಂದು ಊರಿನ ಮುಂದೆ ನಾನೇ ಹೇಳಬೇಕು. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಹಾಲಪ್ಪನವರನ್ನು ಮನೆಯಲ್ಲೇ ಇರಲು ಹೇಳಿ. ಅವರು ಏನೇ ಅಂದರೂ, ಅಂದು ಮುಗಿಸುವವರೆಗೆ ಅವರ ಎದುರು ನಿಂತಿರುತ್ತೇನೆ.