ಕೇಳದೆ ಸೂಜಿ ಮುಟ್ಟಬಾರದು

ನಾನು ಹಲ್ಲಿನ ಡಾಕ್ಟರು, ಹೆಸರು ಷಡಕ್ಷರಪ್ಪ. ನನ್ನ ಕುರ್ಚಿಯಲ್ಲಿ ಕೂತವರು ಇದುವರೆಗೆ ಯಾರೂ ಸತ್ತಿಲ್ಲ. ಅದು ನನ್ನ ಹೆಚ್ಚುಗಾರಿಕೆಯಲ್ಲ, ಹಲ್ಲಿನದು. ಅರಸೀಕೆರೆಯ ಹೊರಗಿರುವ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಸಾವಿನ ಜೊತೆ ಗುದ್ದಾಡುವ ಕೆಲಸವೆಲ್ಲ ಪಕ್ಕದ ಕೋಣೆಯ ಡಾಕ್ಟರ್ ಭೀಮರಾಜ್ ಅವರದು. ಅವರು ಮುಖ್ಯ ವೈದ್ಯರು. ಎಂಬಿಬಿಎಸ್ ಮುಗಿಸಿ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೇಷ್ಟ್ರೂ ಹೌದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಭೀಮರಾಜ್ ಒದೆಯುವವರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಭೀಮರಾಜ್ ಹಳೇಬೀಡಿನ ಹತ್ತಿರದ ಹಳ್ಳಿಯವರು. ಅಪ್ಪ ಸಣ್ಣಯ್ಯ ಕೂಲಿ ಮಾಡಿ ಓದಿಸಿದರು. ಮೆಡಿಕಲ್ ಕಾಲೇಜಿನ ದಿನಗಳ ಬಗ್ಗೆ ಅವರು ಬಾಯಿಬಿಟ್ಟದ್ದು ಒಂದೇ ಸಲ, ಕಾಫಿ ಕುಡಿಯುತ್ತಾ.

"ಬೇರೆ ಹುಡುಗ್ರು ತಪ್ಪು ಮಾಡಿದ್ರೆ, ಪಾಪ ನಿದ್ದೆ ಇಲ್ಲ ಅನ್ನೋರು. ನಾನು ಮಾಡಿದ್ರೆ, ಇವ್ರಿಗೆಲ್ಲ ಸೀಟು ಕೊಟ್ರೆ ಹಿಂಗೇ ಅನ್ನೋರು. ನನ್ನ ತಪ್ಪು ನನ್ನೊಬ್ಬನದಾಗಿ ಇರ್ತಿರಲಿಲ್ಲ ಕಣ್ರೀ, ಇಡೀ ಕೇರಿಯದಾಗ್ತಿತ್ತು."

ಹಾಗಾಗಿ ಅವರು ಎಲ್ಲವನ್ನೂ ಮೇಲಿನವರನ್ನು ಕೇಳಿಯೇ ಮಾಡಿ ಡಾಕ್ಟರಾದರು. ತಾವು ಮೇಲಿನವರಾದ ಮೇಲೆ ಅದನ್ನೇ ಕಟ್ಟಳೆ ಮಾಡಿದರು: ನನ್ನನ್ನು ಕೇಳದೆ ಯಾರೂ ಸೂಜಿ ಮುಟ್ಟಬಾರದು. ಎಂಥ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತುತ್ತಿದ್ದರು, ಅದನ್ನೂ ಹೇಳಬೇಕು. ಇನ್ನೊಂದು ಪದ್ಧತಿಯೂ ಇತ್ತು. ಆಸ್ಪತ್ರೆಯಲ್ಲಿ ಯಾರಾದರೂ ಸತ್ತರೆ ಮೂರನೇ ದಿನದ ಹಾಲುತುಪ್ಪಕ್ಕೆ ಆ ಮನೆಗೆ ಹೋಗುವುದು, ಜೊತೆಗೆ ಶಿಷ್ಯರನ್ನೂ ಕರೆದೊಯ್ಯುವುದು. ಸತ್ತದ್ದು ಹಾಸಿಗೆ ನಂಬರಲ್ಲ, ಮನೆಯೊಬ್ಬರು ಅನ್ನುವುದು ಗೊತ್ತಾಗಲಿ ಅನ್ನುತ್ತಿದ್ದರು. ಜಗಲಿಯಲ್ಲೇ ಕೂರುತ್ತಿದ್ದರು, ನೀರು ಕೇಳುತ್ತಿರಲಿಲ್ಲ.

ಆ ಶಿಷ್ಯರಲ್ಲಿ ಇಂದು ಎಂಬವಳು ಬಾಣಾವರದ ಹುಡುಗಿ. ಅಪ್ಪ ದೇವರಾಜ್‌ಗೆ ರೈಲ್ವೆಯಲ್ಲಿ ಕೆಲಸ. ಭೀಮರಾಜ್ ಅವರ ಜನವೇ. ನಮ್ಮ ಹುಡುಗಿ ಎಂದು ಅವರು ಮೆತ್ತಗಾಗಲಿಲ್ಲ, ನಮ್ಮ ಹುಡುಗಿ ಎಂದೇ ಇನ್ನಷ್ಟು ಗಟ್ಟಿಯಾದರು. ಬಂದ ಹೊಸದರಲ್ಲಿ, ಉಬ್ಬಸದಿಂದ ಒದ್ದಾಡುತ್ತಿದ್ದ ಮುದುಕರೊಬ್ಬರಿಗೆ ಅವಳು ಯಾರನ್ನೂ ಕೇಳದೆ ಇಂಜೆಕ್ಷನ್ ಕೊಟ್ಟಳು. ಮುದುಕ ಉಳಿದುಕೊಂಡರು. ಮರುದಿನ ರೌಂಡ್ಸ್‌ನಲ್ಲಿ, ರೋಗಿಗಳು, ನರ್ಸುಗಳು, ಕಸ ಗುಡಿಸುವವರು ಎಲ್ಲರ ಎದುರಿಗೆ, ಭೀಮರಾಜ್ ಕೇಳಿದರು.

"ಬದುಕಿದ್ದು ಅವರ ಅದೃಷ್ಟ. ನೀನು ಯಾರನ್ನ ಕೇಳಿದೆ?"

"ತಪ್ಪಾಯ್ತು ಸರ್."

"ಜೋರಾಗಿ ಹೇಳು."

ಅವಳು ಜೋರಾಗಿ ಹೇಳಿದಳು. ನನ್ನ ಕೋಣೆಗೂ ಕೇಳಿಸಿತು, ಮೈ ಉರಿಯಿತು. ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. "ಆ ಹುಡುಗಿ ಮಾಡಿದ್ದು ಸರಿಯಾಗಿತ್ತಲ್ವೇನ್ರೀ?"

"ಸರಿಯಾಗಿತ್ತು. ಅದಕ್ಕೇ ಬೈದಿದ್ದು. ಇವತ್ತು ಸರಿಯಾಯ್ತು ಅಂತ ನಾಳೆ ಧೈರ್ಯ ಮಾಡ್ತಾಳೆ. ನಾಳೆ ತಪ್ಪಾದ್ರೆ ನಮ್ಮವರನ್ನ ಯಾರೂ ಬಿಡಲ್ಲ ಕಣ್ರೀ."

ನಾನು ಹುಟ್ಟಿದ ಮನೆಯಲ್ಲಿ ತಪ್ಪು ಮಾಡಿದರೆ ಅದು ಬರೀ ತಪ್ಪಾಗಿರುತ್ತಿತ್ತು.

ಆಮೇಲೆ ಬೇಲೂರಿನ ತರಬೇತಿ ಬಂತು. ಹೊಸ ಡಾಕ್ಟರುಗಳನ್ನು ಹಿರಿಯರು ಹೇಗೆ ಬೆಳೆಸಬೇಕು ಅನ್ನುವುದರ ಬಗ್ಗೆ ಭೀಮರಾಜ್ ಅವರ ಪಾಠ. ಬಾಯಿಯ ಆರೋಗ್ಯದ ಬಗ್ಗೆ ನಾನೂ ಎರಡು ಮಾತು ಆಡಬೇಕಿತ್ತು, ಜೊತೆಗೇ ಹೋದೆ. ಕಾರು ಹಳೇಬೀಡು ದಾಟುವಾಗ ಇಂದುವಿನ ಫೋನ್ ಬಂತು. ಜವರಣ್ಣ ಎಂಬುವರ ಮಗ ಸಂತು, ಮದುವೆಗೆ ಹೆಣ್ಣು ನೋಡುತ್ತಿದ್ದ ಹುಡುಗ, ರಾಗಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದಿದ್ದ. ವಿಷ ಇಳಿಸೋ ಮದ್ದು ಶುರು ಮಾಡು ಎಂದರು ಭೀಮರಾಜ್. ಬೇಲೂರಿನ ಹಾಲ್ ಸೇರಿದೊಡನೆ, ಪಾಠದ ಹೊತ್ತಿನಲ್ಲಿ ಫೋನ್ ಬಡಿಯಬಾರದೆಂದು ಅವರೇ ಬಿದಿರಿನ ಬುಟ್ಟಿಯೊಂದನ್ನು ಕೂತವರ ಸಾಲಿನಲ್ಲಿ ಕಳಿಸಿದರು. ಶಿಸ್ತು ಮೇಲಿನಿಂದ ಬರಬೇಕು ಎಂದು ತಮ್ಮ ಫೋನನ್ನೇ ಮೊದಲು ದನಿ ತೆಗೆದು ಹಾಕಿದರು. ನನ್ನದನ್ನೂ ಹಾಕಿಸಿದರು. ಬುಟ್ಟಿ ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತಿತು.

ಹಾವಿನ ವಿಷ ಇಳಿಸುವ ಮದ್ದು ಕೆಲವರ ಮೈಗೆ ಒಗ್ಗುವುದಿಲ್ಲ. ಮೈಯೆಲ್ಲ ದದ್ದು ಏಳುತ್ತದೆ, ಗಂಟಲು ಊದುತ್ತದೆ, ಉಸಿರು ಕಟ್ಟುತ್ತದೆ. ಆಗ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು, ತಕ್ಷಣ. ಇದು ಪುಸ್ತಕ ಓದಿದ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಇಂದುವಿಗೆ ಚೆನ್ನಾಗಿಯೇ ಗೊತ್ತಿತ್ತು. ಸಂತುವಿಗೆ ಹಾಗಾದಾಗ ಸೂಜಿಗೆ ಮದ್ದು ತುಂಬಿ ಎಡಗೈಯಲ್ಲಿ ಹಿಡಿದುಕೊಂಡಿದ್ದಳಂತೆ. ಬಲಗೈಯಲ್ಲಿ ಫೋನು.

"ಫೋನ್ ಮಾಡ್ತಾನೇ ಇದ್ಲು ಸರ್, ಮಾಡ್ತಾನೇ ಇದ್ಲು," ಎಂದರು ನರ್ಸ್ ಸುಮಿತ್ರಮ್ಮ ಆಮೇಲೆ. "ಕೊಡಿ ಮೇಡಂ ಅಂದೆ. ಸರ್ ಎತ್ತಲಿ ಅಂದ್ಲು. ಕೊನೆಗೆ ನಾನೇ ಕಿತ್ಕೊಂಡು ಚುಚ್ಚಿದೆ, ಅಷ್ಟೊತ್ತಿಗೆ ಆಗೋಗಿತ್ತು."

ಪಾಠ ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಬುಟ್ಟಿಯಿಂದ ಫೋನ್ ತೆಗೆದು ಇಂದುವಿನ ಸಾಲು ಸಾಲು ಕರೆಗಳನ್ನು ನೋಡಿದ ಭೀಮರಾಜ್ ಅವರ ಮುಖವನ್ನು ನಾನು ಮರೆಯುವುದಿಲ್ಲ.

ಅರಸೀಕೆರೆಗೆ ಬಂದಾಗ ಟ್ರಸ್ಟಿನ ಕಾರ್ಯದರ್ಶಿ ಗಂಗಾಧರಪ್ಪ ಬಾಗಿಲಲ್ಲೇ ಕಾದಿದ್ದರು. "ಹಾವು ಕಚ್ಚಿ ಸತ್ತ. ಅಷ್ಟೇ ತಾನೇ? ಮನೆಯವ್ರೂ ಹಂಗೇ ತಿಳ್ಕೊಂಡವ್ರೆ. ನೀವು ಬಾಯಿಗೆ ಬೀಗ ಹಾಕ್ಕೊಳಿ, ಆ ಹುಡುಗಿ ಉಳ್ಕತಾಳೆ."

ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಭೀಮರಾಜ್ ನೇರ ವಾರ್ಡಿಗೆ ಹೋದರು. ಇಂದು ಖಾಲಿ ಹಾಸಿಗೆಯ ಪಕ್ಕ ನಿಂತೇ ಇದ್ದಳು. "ಕೇಳೋಣ ಅಂತ ಫೋನ್ ಮಾಡಿದೆ ಸರ್," ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಕಟ್ಟಳೆ ಮುರಿದಿಲ್ಲ ಎಂದು ಒಪ್ಪಿಸುತ್ತಿದ್ದಳು, ಅಷ್ಟೇ.

ಹಾಲುತುಪ್ಪದ ದಿನ ಅವರು ಶಿಷ್ಯರನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದರು. ಜಗಲಿಯಲ್ಲಿ ಸಂತುವಿನ ತಾಯಿ ಕೆಂಪಲಕ್ಷ್ಮಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಈ ಸಲ ಭೀಮರಾಜ್ ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿದರು.

"ನಿಮ್ಮ ಮಗನನ್ನ ಉಳಿಸೋ ಮದ್ದು ಅಲ್ಲೇ ಇತ್ತು ಕಣವ್ವ. ನನ್ನ ಕೇಳ್ದೆ ಯಾರೂ ಕೊಡ್ಬಾರ್ದು ಅಂತ ನಾನೇ ಕಟ್ಟಳೆ ಮಾಡಿದ್ದೆ. ಕೇಳೋಕೆ ನಾನು ಸಿಗ್ಲಿಲ್ಲ."

ಜವರಣ್ಣ ಎದ್ದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ. ಕೆಂಪಲಕ್ಷ್ಮಮ್ಮ ಕೈ ಎತ್ತಿ ಗಂಡನನ್ನು ತಡೆದರು.

"ಆ ಡಾಕ್ಟರ್ ಮಗೀಗೆ ಗೊತ್ತಿತ್ತಾ, ಕೊಟ್ರೆ ಉಳೀತಾನೆ ಅಂತ?"

"ಗೊತ್ತಿತ್ತು."

ಆಕೆ ಕಂಬ ಬಿಟ್ಟು ನೆಟ್ಟಗೆ ಕೂತರು. "ಕಣ್ಮುಂದೆ ಜೀವ ಹೋಗ್ತಿದ್ರೂ ಕೈ ಆಡ್ಲಿಲ್ಲ ಅಂದ್ರೆ, ಎಷ್ಟು ಹೆದರ್ಸಿದ್ರಿ ಸ್ವಾಮಿ ನೀವು ಅವಳ್ನ?"

ಆಸ್ಪತ್ರೆಗೆ ವಾಪಸ್ ಬಂದವರೇ ಭೀಮರಾಜ್ ನಡೆದದ್ದನ್ನೆಲ್ಲ ಬರೆದು ಗಂಗಾಧರಪ್ಪನವರ ಕೈಗಿತ್ತರು. ಮುಖ್ಯ ವೈದ್ಯರ ಸ್ಥಾನ ಹೋಯಿತು, ಕೆಲಸ ಉಳಿಯಿತು. ಅವರಿಗೆ ಅದರ ಚಿಂತೆ ಇರಲಿಲ್ಲ. ಇಂದುವಿನ ಕೈಗೆ ಧೈರ್ಯ ವಾಪಸ್ ತರಿಸಬೇಕು, ಅದೊಂದೇ ಹಟ. ಉಸಿರು ಕಟ್ಟಿದವರ ಮುಂದೆ ಫೋನ್ ಹಿಡಿಯಬೇಡಿ, ಮೊದಲು ಕೊಟ್ಟು ಆಮೇಲೆ ಹೇಳಿ ಎಂದು ಎಲ್ಲರಿಗೂ ಹೇಳಿದರು. ಉಳಿದವರು ಬೇಗ ಕಲಿತರು. ಇಂದು ಒಬ್ಬಳು ಮಾತ್ರ ಜ್ವರದ ಮಾತ್ರೆ ಕೊಡಲೂ ಅವರನ್ನು ಕೇಳಲು ಬಾಗಿಲಿಗೆ ಬಂದು ನಿಲ್ಲತೊಡಗಿದಳು. ಬೈದು ಕೆಡಿಸಿದ್ದನ್ನು ಬೇಡಿಕೊಂಡು ಸರಿಮಾಡಲು ಹೊರಟಿದ್ದರು ಅವರು, ನನಗೆ ನೋಡಲಾಗುತ್ತಿರಲಿಲ್ಲ. ಕೊನೆಗೆ, "ಎಮರ್ಜೆನ್ಸೀಲಿ ನಿನ್ನ ಫೋನ್ ಎತ್ತಲ್ಲ ಕಣಮ್ಮ. ನೀನೇ ಮಾಡು, ನಿನಗೆ ಗೊತ್ತು," ಎಂದರು.

ನಾವಿಬ್ಬರೂ ಹಳೇಬೀಡಿನ ತಪಾಸಣಾ ಶಿಬಿರದಲ್ಲಿದ್ದಾಗ ಆ ಫೋನ್ ಬಂತು. ಮೇಜಿನ ಮೇಲಿದ್ದ ಫೋನಿನಲ್ಲಿ ಇಂದುವಿನ ಹೆಸರು. ಭೀಮರಾಜ್ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ನಿಂತಿತು. ಮತ್ತೆ ಬಡಿಯಿತು.

"ಎತ್ರೀ," ಎಂದೆ.

"ಅವಳಿಗೆ ಗೊತ್ತು," ಎಂದರು. ಮೂರನೇ ಸಲ ಬಡಿದಾಗ ಕಸಿದುಕೊಂಡು ಎತ್ತಿದರು. ಆ ಕಡೆಯ ಮಾತು ಮುಗಿಯುವ ಮೊದಲೇ, "ಕೊಡು," ಎಂದರು.

ಆ ರೋಗಿ ಉಳಿದ. ಫೋನ್ ಕೆಳಗಿಟ್ಟು ಭೀಮರಾಜ್ ಎಂದರು, "ನನ್ನ ಪಾಠಕ್ಕೆ ಇನ್ನೊಬ್ರ ಮಗನನ್ನ ಒತ್ತೆ ಇಡಕ್ಕಾಗಲ್ಲ ಕಣ್ರೀ."

ಅದಾದ ಮೇಲೆ ಇಂದು ಕೆಲಸ ಬಿಟ್ಟಳು. ಹಾಸನದಲ್ಲಿ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಆಸ್ಪತ್ರೆ ಕಾಗದಪತ್ರ ನೋಡುವ ಕೆಲಸವಂತೆ. ಹೇಳಿ ಹೋಗಲು ಬಂದಾಗ ನಾನೂ ಅಲ್ಲಿದ್ದೆ.

"ಅಲ್ಲಿ ಪ್ರತಿಯೊಂದಕ್ಕೂ ಮೇಲಿನವರ ಒಪ್ಪಿಗೆ ಬೇಕಂತೆ ಸರ್. ನನಗೆ ಅದೇ ಸರಿ," ಎಂದಳು. ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ತಿರುಗಿದಳು. "ಜೈ ಭೀಮ್ ಸರ್. ಬರ್ಲಾ?"

ನಮ್ಮ ಕಡೆ ಹೊರಡುವಾಗ ಎಲ್ಲರೂ ಹಾಗೆ ಕೇಳುತ್ತಾರೆ, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಇಂದು ಕಾದಳು. ಭೀಮರಾಜ್ "ಹೋಗ್ಬಾ ತಾಯಿ" ಎನ್ನುವವರೆಗೂ ಹೊಸ್ತಿಲ ಮೇಲೇ ನಿಂತಿದ್ದಳು.