ಅಮ್ಮನ ನೀಲಿ ಸೀತಾಳೆ

ನಮ್ಮ ಕೊಟ್ಟಿಗೆಹಾರದ ಕಡೆ ಆಗೆಲ್ಲ ದುಡ್ಡು ಕೊಟ್ಟು ಹೂವಿನ ಗಿಡ ತಂದರೆ ಜನ ನಗುತ್ತಿದ್ದರು. ಗಿಡವೆಂದರೆ ನೆಂಟರ ಮನೆಯಿಂದ ಹೊರಡುವಾಗ ಒಂದು ತುಂಡು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತರುವ ವಸ್ತು. ಅಮ್ಮ ಮದುವೆಯಾಗಿ ಬರುವಾಗ ಕಳಸದ ತವರಿನಿಂದ ಸೀತಾಳೆ ದಂಡೆಯ ಒಂದು ಬುಡ ತಂದು ಅಂಗಳದ ಹಲಸಿನ ಮರಕ್ಕೆ ತೆಂಗಿನ ನಾರಿನಲ್ಲಿ ಕಟ್ಟಿದ್ದಳು. ಮರಕ್ಕೆ ಅಂಟಿಕೊಂಡೇ ಬದುಕುವ, ಮಳೆಗಾಲಕ್ಕೆ ಮುಂಚೆ ಗುಲಾಬಿ ಬಣ್ಣದ ಗೊಂಚಲು ಇಳಿಬಿಡುವ ಆರ್ಕಿಡ್ ಅದು. ಇಳಿಬಿಡಬೇಕಿತ್ತು, ಅಷ್ಟೆ. ನಾನು ಹುಟ್ಟಿ, ಬೆಳೆದು, ಶಾಲೆಗೆ ಹೋಗತೊಡಗಿದರೂ ಅದು ಒಂದೇ ಒಂದು ಹೂ ಬಿಟ್ಟಿರಲಿಲ್ಲ.

ಪಕ್ಕದ ತೋಟದ ಶಾರದಕ್ಕನ ಮನೆಯಲ್ಲಿ ಮಾತ್ರ ಪ್ರತಿ ವರ್ಷ ಹೂವೋ ಹೂವು. ಅವರು ಮೊಸರಿಗೆ ಹೆಪ್ಪು ಕೇಳಲು ಬಂದರೂ ಮೊದಲು ಹಲಸಿನ ಮರದ ಕಡೆ ಕತ್ತೆತ್ತಿ ನೋಡಿಯೇ ಒಳಗೆ ಬರುತ್ತಿದ್ದುದು.

"ಎಂತ ಲಲಿತಾ, ಇನ್ನೂ ಇಲ್ವಾ? ನಿಂದು ಗಂಡು ಗಿಡ ಇರ್ಬೇಕು ಕಣೇ."

ಅವರು ಅತ್ತ ಹೋದರೆ ಇತ್ತ ಅಮ್ಮನ ಸಿಟ್ಟೆಲ್ಲ ಪಾತ್ರೆಗಳ ಮೇಲೆ. ಪಾಪ, ಯಾರೇನು ಹೇಳಿದರೂ ಮಾಡುತ್ತಿದ್ದಳು. ಅಕ್ಕಿ ತೊಳೆದ ನೀರು ಹಾಕಿದಳು. ಮೀನು ತೊಳೆದ ನೀರು ಹಾಕಿದಳು. ಅದರ ವಾಸನೆಗೆ ಊರಿನ ಬೆಕ್ಕುಗಳೆಲ್ಲ ಬಂದು ಮರ ಹತ್ತಿ ಕೂತವು, ಹೂ ಮಾತ್ರ ಬರಲಿಲ್ಲ.

ಒಂದು ವರ್ಷ ಬೇಸಿಗೆ ರಜೆಯಲ್ಲಿ ಲಗೋರಿ ಆಡುವಾಗ ಚೆಂಡು ಮರದಲ್ಲಿ ಸಿಕ್ಕಿಕೊಂಡಿತು. ಹುಡುಕುತ್ತ ಮೇಲೆ ನೋಡಿದರೆ ಎಲೆಗಳ ಸಂದಿಯಲ್ಲಿ ಹಸಿರು ಬಾಲಗಳು! "ಅಮ್ಮಾ, ಮೊಗ್ಗು!" ಎಂದು ಕೂಗಿಕೊಂಡೆ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಲಗಳನ್ನು ಒಂದೊಂದಾಗಿ ಎಣಿಸಿದಳು. ಎಣಿಸಿ ಮುಗಿದ ಮೇಲೆ ಆಡಿದ ಮೊದಲ ಮಾತು, "ಇನ್ಮೇಲೆ ಇಲ್ಲಿ ಯಾರೂ ಚೆಂಡು ಆಡೋ ಹಾಗಿಲ್ಲ."

ಗೊಂಚಲು ಪೂರ್ತಿ ಅರಳಿದ ಭಾನುವಾರ ಅಮ್ಮ ಶಾರದಕ್ಕನಿಗೆ ಹೇಳಿ ಕಳಿಸಿದಳು, ಹಲಸಿನ ಹಣ್ಣಿನ ಕಡುಬು ಮಾಡಿದೀನಿ, ಸುಮ್ನೆ ಬಂದು ಹೋಗಿ ಅಂತ. ಹೂವಿನ ಸುದ್ದಿ ಎತ್ತಲೇ ಇಲ್ಲ. ಅದು ಅವರೇ ಕತ್ತೆತ್ತಿ ನೋಡಬೇಕಾದ ಹೂವು.

ಅಪ್ಪನಿಗೆ ಬೆಳಗ್ಗಿನಿಂದ ಬೋರ್ಡೋ ಕೆಲಸ. ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ಬರದಿರಲೆಂದು ಮೈಲುತುತ್ತು, ಸುಣ್ಣ ಕಲಸಿ ಹೊಡೆಯುವ ನೀಲಿ ಔಷಧಿ ಅದು. ತೋಟ ಮುಗಿಸಿ ಬಂದಾಗ ಸ್ಪ್ರೇಯರಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಕಡುಬು ಬೆಂದು, ಬಾಳೆಲೆಯ ಘಮ ಅಂಗಳಕ್ಕೆಲ್ಲ ಹರಡಿದಾಗ ಅಮ್ಮ ಸೀರೆ ಬದಲಿಸಿ ಹೊರಗೆ ಬಂದಳು. ಮರದ ಮೇಲೆ ಎಲೆ, ಬೇರು, ಗೊಂಚಲು ಎಲ್ಲ ತಿಳಿನೀಲಿ.

"ಅಯ್ಯೋ! ಏನ್ರೀ ಮಾಡಿದ್ರಿ ಇದು?"

"ಕೊಳೆ ಬರ್ಬಾರ್ದು ಅಂತ ಒಂದು ಕೈ ಹೊಡ್ದೆ ಮಾರಾಯ್ತಿ," ಎಂದ ಅಪ್ಪ. ಹೊಗಳಿಸಿಕೊಳ್ಳಲು ನಿಂತಿದ್ದ. "ಕಾಫಿಗಿಂತ ಜಾಸ್ತಿನೇ ಹೊಡ್ದಿದೀನಿ."

ಅಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಶಾರದಕ್ಕ ಒಳಗೆ ಕಾಲಿಟ್ಟವರೇ ಕತ್ತೆತ್ತಿದರು. ಎತ್ತಿದ ಕತ್ತು ಇಳಿಯಲಿಲ್ಲ.

"ಇದೆಂತದೇ ಲಲಿತಾ, ನೀಲಿ?"

ಅಮ್ಮ ಕಣ್ಣೊರೆಸಿಕೊಂಡು ಒಂದು ಕ್ಷಣವೂ ತಡವರಿಸದೆ ಹೇಳಿದಳು. "ನಮ್ಮ ಕಳಸದ ಜಾತಿ ಅಕ್ಕಾ. ಈ ಕಡೆ ಎಲ್ಲೂ ಇಲ್ಲ."

"ಹೌದನಾ! ನಂಗೊಂದು ತುಂಡು ಕೊಡೇ," ಎನ್ನುತ್ತ ಶಾರದಕ್ಕ ಗೊಂಚಲಿಗೆ ಕೈಯೊಡ್ಡಿದರು. ಅದೇ ಹೊತ್ತಿಗೆ ಗುಡುಗಿ, ಮಳೆ ದಬದಬ ಸುರಿಯತೊಡಗಿತು. ನೀಲಿ ನೀರು ಅವರ ಅಂಗೈಗೆ ಇಳಿದು, ಮೊಣಕೈವರೆಗೆ ಹರಿದು, ಬಿಳಿ ಸೀರೆಗೆ ತೊಟ್ಟಿಕ್ಕಿತು. ಅವರು ಕೈ ನೋಡಿಕೊಂಡರು. ಆಮೇಲೆ ಅಪ್ಪನ ಅಂಗಿಯ ಮೇಲಿನ ನೀಲಿ ಕಲೆ ನೋಡಿದರು.

"ನಿನ್ನ ಜಾತಿ ಬಣ್ಣ ಬಿಡ್ತದಲ್ಲೇ!"

ನಾನು ಬಾಯಿಗೆ ಲಂಗ ತುರುಕಿಕೊಂಡೆ. ಅಪ್ಪ ಮಾತ್ರ ಆಕಾಶ ನೋಡುತ್ತ, "ಇನ್ನೊಂಚೂರು ಬಿಸಿಲಿದ್ದಿದ್ರೆ ಔಷಧಿ ಹಿಡ್ಕೊಳ್ತಿತ್ತು," ಎಂದು ಕೊರಗಿದ.

ಶಾರದಕ್ಕ ಸೆರಗು ತಲೆಗೆ ಹೊದ್ದು ಅಲ್ಲೇ ನಿಂತರು. ನೀಲಿಯೆಲ್ಲ ತೊಳೆದುಹೋಗಿ ಒಳಗಿನ ಗುಲಾಬಿ ಬಣ್ಣ ಒಂದೊಂದೇ ಹೂವಾಗಿ ಹೊರಬಂತು. ಅವರು ತುಂಬ ಹೊತ್ತು ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ, "ನಮ್ಮನೇದಕ್ಕಿಂತ ಉದ್ದ ಇದೆ ಕಣೇ," ಎಂದರು. ಕಡುಬು ಒಂದೇ ತಿಂದು, ಹೊಟ್ಟೆ ಸರಿಯಿಲ್ಲ ಎಂದು ಎದ್ದರು. ಅಮ್ಮನಿಗೆ ಅವತ್ತಾದ ಖುಷಿ ಮುಂದೆ ನನ್ನ ಮದುವೆಯಲ್ಲೂ ಆಗಲಿಲ್ಲ.

ಈಗ ಚಿಕ್ಕಮಗಳೂರಿನ ನನ್ನ ಮನೆಯ ಬಾಲ್ಕನಿಯಲ್ಲಿ ನರ್ಸರಿಯಿಂದ ತಂದ ಆರ್ಕಿಡ್‌ಗಳಿವೆ. ತಿಂಗಳುಗಟ್ಟಲೆ ಹೂ ಬಿಡುತ್ತವೆ. ಫೋಟೋ ಹಾಕಿದರೆ ಜನ ಹೃದಯದ ಗುರುತು ಒತ್ತಿ ಮುಂದೆ ಹೋಗುತ್ತಾರೆ. ಒಂದು ತುಂಡು ಕೊಡೇ ಎಂದು ಒಬ್ಬರೂ ಕೇಳಿದ್ದಿಲ್ಲ.

ಶಾರದಕ್ಕ ಕಳೆದ ವರ್ಷ ಹೋಗಿಬಿಟ್ಟರು. ಈ ಸಲದ ಮೇ ತಿಂಗಳಲ್ಲಿ ಅಮ್ಮನ ಸೀತಾಳೆ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿದೆಯೆಂದು ಊರಿನಲ್ಲಿರುವ ತಮ್ಮ ಹೇಳಿದ. ಫೋನ್ ಮಾಡಿದರೆ ಅಮ್ಮನ ದನಿ ಸಪ್ಪಗಿತ್ತು.

"ಯಾಕಮ್ಮ, ಯಾರೂ ನೋಡೋಕೆ ಬರ್ಲಿಲ್ವಾ?"

"ಬರ್ತಾರೆ ಮಾರಾಯ್ತಿ. ಬಂದೋರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಒಬ್ರಿಗೂ ಹೊಟ್ಟೆ ಉರಿಯಲ್ಲ."