ಸಗಣಿ ತೂಗಿದ ಮೂರು ಬೆಳಗು

ಡಿಗ್ರಿ ಮುಗಿದ ಮರುವರ್ಷ ಹುಣಸೂರಿನ ಒಂದು ಹಣಕಾಸು ಸಂಸ್ಥೆಯಲ್ಲಿ ನನಗೆ ಟ್ರೈನಿ ಕೆಲಸ ಸಿಕ್ಕಿತು. ಗೋಬರ್ ಗ್ಯಾಸ್, ಸೋಲಾರ್ ದೀಪ ಹಾಕಿಸಿಕೊಳ್ಳುವ ಮನೆಗಳಿಗೆ ಸಾಲ ಕೊಡುವ ವಿಭಾಗ. ಕಾಡಿನ ಸೌದೆ ಉಳಿಯಲಿ, ಹೆಂಗಸರಿಗೆ ಒಲೆಯ ಹೊಗೆ ತಪ್ಪಲಿ ಅನ್ನುವುದು ಉದ್ದೇಶ. ಇದೂ ಒಂದು ಕಸುಬು ಅಂತ ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಕೆ.ಆರ್. ನಗರದ ನಮ್ಮ ಬೀದಿಯಲ್ಲಿ ಅಪ್ಪ "ಬ್ಯಾಂಕ್ ಕೆಲಸ" ಅಂತಲೇ ಹೇಳಿಕೊಂಡು ಬಂದಿದ್ದರು. ನಾನೋ, ಹೇಗೋ ಒಂದು ವರ್ಷ ತಳ್ಳಿ, ನಿಜವಾದ ಬ್ಯಾಂಕಿನ ಪರೀಕ್ಷೆ ಬರೆದು ಹೊರಟುಬಿಡುವ ಆತುರದಲ್ಲಿದ್ದೆ. ಪರೀಕ್ಷೆಯ ಪುಸ್ತಕ ಸದಾ ಬ್ಯಾಗಿನಲ್ಲಿರುತ್ತಿತ್ತು. ಬಸ್ಸಿನಲ್ಲಿ ತೆಗೆದರೆ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ, ಮುಚ್ಚಿಟ್ಟರೆ ಕಾಲ ಸುಮ್ಮನೆ ಹೋಗುತ್ತಿದೆ ಅಂತ ಚಡಪಡಿಕೆ.

ಅರ್ಜಿ ಹಾಕಿದವರ ಮನೆ ನೋಡಿ ಬಂದು ಫಾರಂ ತುಂಬುವುದು ನನ್ನ ಕೆಲಸ. ಗೋಬರ್ ಗ್ಯಾಸಿಗೆ ನಾಲ್ಕು ರಾಸು ಇರಬೇಕು. ಇಲ್ಲದಿದ್ದರೆ "ಅರ್ಹರಲ್ಲ." ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯೆಲ್ಲ ಸುತ್ತಿ ಹಾಗೆ ಬರೆದು ಬರೆದು ಕೈ ಪಳಗಿತ್ತು.

ಕಟ್ಟೆಮಳಲವಾಡಿಯಲ್ಲಿ ಒಬ್ಬ ಹೆಂಗಸಿನ ಮನೆಗೆ ಹೋದೆ. ನಮ್ಮಮ್ಮನ ವಯಸ್ಸು. ಕೊಟ್ಟಿಗೆಯಲ್ಲಿ ಎರಡೇ ಹಸು. ಪೆನ್ನು ತೆಗೆದೆ.

"ಆಗಲ್ಲಮ್ಮ. ನಾಲ್ಕಿರಬೇಕು," ಅಂದೆ.

"ನಂದು ಎಲ್ಡು, ಪಕ್ಕದಲ್ಲಿ ನಮ್ಮ ಓರಗಿತ್ತೀದು ಎಲ್ಡು. ಅವಳಿಗೆ ಸೊಂಟ ನೋವು, ಆ ಕೊಟ್ಟಿಗೇನೂ ನಾನೇ ಬಾಚೋದು. ಅದರ ಸಗಣಿ ಸಗಣಿ ಅಲ್ವಾ?"

"ರಾಸು ನಿಮ್ಮ ಹೆಸರಲ್ಲಿ ಇಲ್ವಲ್ಲ."

ಆಕೆ ನನ್ನನ್ನೇ ನೋಡಿದಳು. "ಗ್ಯಾಸ್ ಹತ್ತೋದು ಸಗಣೀಲಾ, ಹೆಸರಲ್ಲಾ? ನೀನು ಓದಿರೋಳು, ಹೇಳು ಮಗ."

ಫಾರಂ ಖಾಲಿ ಇಟ್ಟುಕೊಂಡೇ ವಾಪಸ್ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂರಲಾಗಲಿಲ್ಲ. ಎರಡು ಬಸ್ ಬಿಟ್ಟು, ಆ ತುದಿಯಿಂದ ಈ ತುದಿಗೆ ಓಡಾಡಿದೆ. ನಾಲ್ಕೇ ಯಾಕೆ ಅಂತ ನಾನು ಯಾರನ್ನೂ ಕೇಳಿರಲೇ ಇಲ್ಲ.

ಮರುದಿನ ನಮ್ಮ ಹಿರಿಯ ಅಧಿಕಾರಿಯನ್ನು ಕೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ, "ನಾಲ್ಕು ರಾಸಿದ್ರೆ ಸಗಣಿ ಸಾಕಾಗುತ್ತೆ ಅಂತ ಮಾಡಿರೋ ನಿಯಮ ಕಣಮ್ಮ. ಸಾಕಾಗುತ್ತೆ ಅಂತ ನೀನು ತೋರಿಸಿದ್ರೆ ನಾನು ಮೈಸೂರಿನ ಹೆಡ್ಡಾಫೀಸಿಗೆ ಬರೀತೀನಿ. ಬಾಯಿಮಾತಲ್ಲಿ ಬೇಡ," ಅಂದರು.

ತೂಗುವುದೊಂದೇ ದಾರಿ. ತಂಬಾಕು ಹದ ಮಾಡುವ ಬ್ಯಾರನ್ ಮನೆ ಇದ್ದ ಪರಿಚಯದವರಿಂದ ಕೊಕ್ಕೆ ತಕ್ಕಡಿ ಕೇಳಿ ತಂದೆ. ಮೂರು ದಿನ ಮೊದಲ ಬಸ್ಸಿಗೆ ಹೋಗಿ, ಎರಡೂ ಕೊಟ್ಟಿಗೆಯ ಸಗಣಿಯನ್ನು ಮಂಕರಿಗೆ ತುಂಬಿ ತೂಗಿದೆವು. ಮೊದಲ ದಿನ ಬೀದಿಯವರೆಲ್ಲ ನಿಂತು ನಕ್ಕರು. "ಏನವ್ವಾ, ಕೆ.ಜಿ.ಗೆ ಎಷ್ಟು?" ಅಂತ ಒಬ್ಬ ಮುದುಕ ಕೇಳಿದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. "ಬಡ್ಕೊಳ್ಳಿ ಬುಡು, ನೀನು ತೂಕ ಬರ್ಕೋ," ಅಂದಳು ಆಕೆ. ಮೂರನೇ ದಿನ ಓರಗಿತ್ತಿ ಸೊಂಟ ಹಿಡಿದುಕೊಂಡೇ ಬಂದು, ಸಗಣಿಯನ್ನು ಕೊಡಲು ಒಪ್ಪಿಗೆ ಅಂತ ಹೆಬ್ಬೆಟ್ಟು ಒತ್ತಿದಳು.

ಮೂರು ದಿನದ ತೂಕ ಬರೆದ ಟಿಪ್ಪಣಿ ಮೈಸೂರಿಗೆ ಹೋಯಿತು. ಉತ್ತರ ಬರುವ ತನಕ, ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ ನಿಂತರೆ ಎದ್ದು ನಿಲ್ಲುತ್ತಿದ್ದೆ. ಕೊನೆಗೆ, ತೂಗಿದ ಸಗಣಿಗೆ ಸಾಲುವಂಥ, ಒಂದು ಸೈಜು ಚಿಕ್ಕ ಗ್ಯಾಸ್ ಗುಂಡಿಗೆ ಮಂಜೂರಾತಿ ಬಂತು.

ಆ ಮನೆಯಲ್ಲಿ ನೀಲಿ ಉರಿ ಹತ್ತಿದ ದಿನ ಆಕೆ ಮೊದಲು ಕಾಯಿಸಿದ ಹಾಲನ್ನು ನನಗೇ ಕೊಟ್ಟಳು. ಕುಡಿದೆ. ಆದರೆ ಸಮಾಧಾನ ಆಗಲಿಲ್ಲ. ಅದುವರೆಗೆ "ಅರ್ಹರಲ್ಲ" ಅಂತ ಬರೆದಿದ್ದ ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾವ ಮನೆಯಲ್ಲೂ ನಾನು ಪಕ್ಕದ ಕೊಟ್ಟಿಗೆಯ ಕಡೆ ತಿರುಗಿ ನೋಡಿರಲಿಲ್ಲ.

ಹಳೆಯ ಫೈಲುಗಳನ್ನು ವಾಪಸ್ ಕೇಳಿದೆ. "ಹುಚ್ಚಾ ನಿನಗೆ? ನಿನ್ನ ಟ್ರೈನಿಂಗ್ ಮುಗೀತಾ ಬಂತು," ಅಂದರು ಅಧಿಕಾರಿ. ಆದರೂ ಬೀರುವಿನ ಕೀಲಿ ಕೊಟ್ಟರು. ಆ ನಡುವೆ ಬ್ಯಾಂಕ್ ಪರೀಕ್ಷೆಯನ್ನೂ ಬರೆದೆ, ಫೇಲಾದೆ. ಪಾಸಾಗಿದ್ದರೆ ಹೊರಟುಹೋಗುತ್ತಿದ್ದೆನೇನೋ. ಸಂಸ್ಥೆಯವರು ಮಾತ್ರ ನನ್ನನ್ನು ಕಾಯಂ ಮಾಡಿಕೊಂಡರು.

ಕಾಯಂ ಆದ ಮೊದಲ ವಾರವೇ ತಕ್ಕಡಿ ಹಿಡಿದು ಬೀಚನಹಳ್ಳಿಗೆ ಹೋದೆ. ಹೋದ ಸಲ ನಾನು ಬೇಡವೆಂದು ಬರೆದಿದ್ದ ಮನೆ. ಹೆಂಗಸು ಹೊಸ್ತಿಲಲ್ಲೇ ಗುರುತು ಹಿಡಿದಳು.

"ಆಗಲ್ಲ ಅಂದೋಳು ನೀನೇ ಅಲ್ವಾ?"

"ಹೂಂ ಕಣಮ್ಮ, ನಾನೇ. ಸರಿಯಾಗಿ ನೋಡಿರಲಿಲ್ಲ. ಇನ್ನೊಂದು ಸಲ ನೋಡ್ತೀನಿ."

"ಮಾಡೋಕೆ ನಂಗೆ ಕೆಲ್ಸ ಅದೆ," ಅಂದು ಒಳಗೆ ಹೋದಳು. ನಾನು ಜಗಲಿಯ ಮೇಲೆ ಕುಳಿತೆ. ಎರಡು ಸಲ ಎದ್ದೆ, ಎರಡು ಸಲವೂ ಕುಳಿತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದಲೇ ಕೂಗಿದಳು: "ಕೊಟ್ಟಿಗೆ ಹಿತ್ಲಲ್ಲಿ ಅದೆ. ನೋಡ್ಕೊ ಓಗು."